ತೂಬಿನಮ್ಮ ಮತ್ತು ನೀರುಗಂಟಿ ದುರ್ಗಯ್ಯ

ತುರುವೇಕೆರೆಯಿಂದ ದಂಡಿನಶಿವರದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತು, ಎರಡೂ ಪಕ್ಕದ ತೆಂಗಿನ ತೋಟ ನೋಡಿ ನೋಡಿ ಕಣ್ಣು ಮುಚ್ಚುವ ಹೊತ್ತಿಗೆ ಹೊನ್ನೆಮರದಹಳ್ಳಿ ಬರುತ್ತದೆ. ಆ ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬು ಎತ್ತಿ ಗದ್ದೆಗೆ ನೀರು ಬಿಡುವುದಕ್ಕೆ ಒಬ್ಬ ನೀರುಗಂಟಿ. ಅವನೇ ದುರ್ಗಯ್ಯ. ಅವನ ಅಪ್ಪ, ಅಜ್ಜ ಎಲ್ಲರೂ ಅದೇ ಕೆಲಸ ಮಾಡಿದವರು. ಹಿಂದೆ ಸುಗ್ಗಿಯಲ್ಲಿ ನೀರುಗಂಟಿ ಕಣಕ್ಕೆ ಬಂದ ಅಂದರೆ ಮೊರದ ತುಂಬ ಭತ್ತ ಹಾಕದೆ ಯಾರೂ ಕಳಿಸುತ್ತಿರಲಿಲ್ಲ. ಆಮೇಲೆ ತೋಟ ತೋಟಕ್ಕೂ ಬೋರ್‌ವೆಲ್ ಬಂತು. ಸ್ವಿಚ್ಚು ಒತ್ತಿದರೆ ನೀರು ಬೀಳುವಾಗ ನೀರುಗಂಟಿಯ ಹಂಗು ಯಾರಿಗೆ ಬೇಕು? ಊರವರು ದುರ್ಗಯ್ಯನನ್ನೂ ಮರೆತರು, ಕೆರೆಯನ್ನೂ ಮರೆತರು. ಕೆರೆಗೆ ಮಾತ್ರ ಪುಣ್ಯಕ್ಕೆ ಒಂದು ಹೊಸ ಉಪಯೋಗ ಸಿಕ್ಕಿತು. ಮನೆಯಲ್ಲಿ ಬೇಡವಾದದ್ದನ್ನು ಎಸೆಯುವುದಕ್ಕೆ ಅಷ್ಟು ವಿಶಾಲವಾದ ಜಾಗ ಊರಲ್ಲಿ ಬೇರೆ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಸಾರಾಯಿ ಪ್ಯಾಕೆಟ್ಟಿಗೆ ಬಂದಿತ್ತು, ಶಾಂಪೂ ಪ್ಯಾಕೆಟ್ಟಿಗೆ ಬಂದಿತ್ತು, ಸಂತೆಯ ಬದನೆಕಾಯಿಗೂ ಪ್ಲಾಸ್ಟಿಕ್ ಕವರಿನ ಮರ್ಯಾದೆ ಸಿಗುತ್ತಿತ್ತು. ಕುಡಿದ ಪ್ಯಾಕೆಟ್ಟು, ತಿಂದ ಗುಟ್ಕಾದ ಚೀಟಿ, ಕೊಬ್ಬರಿ ಸುಲಿದು ಉಳಿದ ಮಟ್ಟೆ, ಸತ್ತ ನಾಯಿ, ಎಲ್ಲವೂ ಕೆರೆಗೆ. ಗಾಳಿ ಬೀಸಿದ ಹಾಗೆ ಅವೆಲ್ಲ ತೇಲಿಕೊಂಡು ಹೋಗಿ ತೂಬಿನ ಬಾಯಿಗೆ ಮೆತ್ತಿಕೊಳ್ಳುತ್ತಿದ್ದವು. ತೂಬಿನ ಕೆಳಗೆ ದುರ್ಗಯ್ಯನಿಗೆ ನೀರುಗಂಟಿ ಇನಾಮಿನ ಅರ್ಧ ಎಕರೆ ಗದ್ದೆ. ಬೋರು ಕೊರೆಸುವ ತಾಕತ್ತು ಅವನಿಗಿರಲಿಲ್ಲ. ತೂಬು ಕಟ್ಟಿದರೆ ಇಡೀ ಊರಲ್ಲಿ ಒಣಗುತ್ತಿದ್ದದ್ದು ಅದೊಂದೇ ಗದ್ದೆ. ಹಾಗಾಗಿ ಅದು ಊರಿನ ತೊಂದರೆ ಆಗಿರಲಿಲ್ಲ, ದುರ್ಗಯ್ಯನ ತೊಂದರೆ ಆಗಿತ್ತು. ಅವನು ಚಡ್ಡಿ ಬಿಗಿದು, ಉಸಿರು ಕಟ್ಟಿ ಮುಳುಗಿ, ಕೈಯಿಂದ ಕಸ ಕಿತ್ತು ಹೊರಗೆ ಹಾಕುತ್ತಿದ್ದ. ಮೇಲೆದ್ದ ಮೇಲೆ ವಾರಗಟ್ಟಲೆ ಮೈ ಕೆರೆದುಕೊಳ್ಳುತ್ತಿದ್ದ.

ಸಾಕಾಗಿ ಒಂದು ದಿನ ಬಸವರಾಜಪ್ಪನ ಮನೆಯ ಮುಂದೆ ಹೋಗಿ ನಿಂತ. ಬಸವರಾಜಪ್ಪ ಊರಿನ ದೊಡ್ಡ ಕುಳ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದವನು. ಯಾವ ಸಮಿತಿ ಹುಟ್ಟಿದರೂ ಅವನೇ ಅಧ್ಯಕ್ಷ.

"ಯಜಮಾನ್ರೆ, ತೂಬಿನ ತುಂಬ ಕವರ್ ತುಂಬ್ಕಂಡೈತೆ. ಊರೋರ್ಗೆ ನೀವೊಂದ್ ಮಾತ್ ಹೇಳ್ಬೇಕು."

"ಮಾತಲ್ಲಿ ಏನೈತ್ಲಾ ದುರ್ಗ? ಜನಕ್ಕೆ ಜಾಗೃತಿ ಬರ್ಬೇಕು ಕಣ್ಲಾ, ಜಾಗೃತಿ. ನಾನ್ ಬರುಸ್ತೀನಿ, ನೋಡ್ತಿರು" ಎಂದ ಬಸವರಾಜಪ್ಪ.

ಜಾಗೃತಿ ಮುಂದಿನ ಭಾನುವಾರ ಟ್ರ್ಯಾಕ್ಟರಿನಲ್ಲಿ ಬಂತು. ಶಾಮಿಯಾನ ಬಂತು, ಮೈಕು ಬಂತು, 'ಕೆರೆ ಉಳಿಸಿ' ಎಂದು ಬರೆದ ಬಟ್ಟೆ ಏರಿಯ ಮೇಲೆ ಏರಿತು. ಇಸ್ಕೂಲು ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತು ಜೈಕಾರ ಕೂಗಿದವು. ಕೆರೆ ನಮ್ಮ ತಾಯಿ ಎಂದು ಬಸವರಾಜಪ್ಪ ಭಾಷಣ ಮಾಡಿದ. ಮಧ್ಯಾಹ್ನ ಎಲ್ಲರಿಗೂ ಪ್ಲಾಸ್ಟಿಕ್ ತಟ್ಟೆಯಲ್ಲಿ ಚಿತ್ರಾನ್ನ, ಕುಡಿಯಲು ಪ್ಯಾಕೆಟ್ ನೀರು. ಸಂಜೆಯ ಹೊತ್ತಿಗೆ ತಟ್ಟೆ, ಪ್ಯಾಕೆಟ್ಟು ಎಲ್ಲವೂ ತಾಯಿಯ ಮಡಿಲು ಸೇರಿದವು. ಮರುದಿನ ದುರ್ಗಯ್ಯ ಮುಳುಗಿ ತೂಬಿನ ಬಾಯಿಂದ ಎಳೆದ ಮೊದಲನೆಯ ವಸ್ತು 'ಕೆರೆ ಉಳಿಸಿ' ಬಟ್ಟೆ. ಗಟ್ಟಿ ಬಟ್ಟೆ, ದಂಡ ಮಾಡಬಾರದು ಎಂದು ಮನೆಗೆ ತಂದು ಒಣಗಿಸಿ ಹುಲ್ಲಿನ ಮೆದೆಗೆ ಹೊದಿಸಿದ.

ಕಸ ಹೋಗಲಿಲ್ಲ. ಆದರೆ ಸ್ವಲ್ಪ ದಿನಕ್ಕೆ ದುರ್ಗಯ್ಯನಿಗೆ ಒಂದು ಉಪಾಯ ಹೊಳೆಯಿತು. ಬಸವರಾಜಪ್ಪನ ಮಂಡಿಗೆ ತೆಂಗಿನಕಾಯಿ ಇಳಿಸಲು ತಿಪಟೂರಿಗೆ ಹೋಗಿದ್ದಾಗ, ಮಂಡಿಯ ಕಾಂಪೌಂಡಿನ ಉದ್ದಕ್ಕೂ ದೇವರ ಚಿತ್ರದ ಟೈಲ್ಸು ಅಂಟಿಸಿದ್ದನ್ನು ನೋಡಿದ. ಒಬ್ಬ ಪಂಚೆ ಎತ್ತಿಕೊಂಡು ಗೋಡೆ ಹತ್ತಿರ ಬಂದವನು, ಎದುರಿಗೆ ವೆಂಕಟರಮಣನನ್ನು ಕಂಡು, ಕೆನ್ನೆ ಕೆನ್ನೆ ಬಡಿದುಕೊಂಡು ಪಕ್ಕದ ಮಂಡಿಯ ಗೋಡೆಗೆ ಹೋದ. ಮನುಷ್ಯರ ಮಾತು ಕೇಳದ ಜನ ದೇವರ ಮುಖ ನೋಡಿದರೆ ನಾಚುತ್ತಾರೆ! ದುರ್ಗಯ್ಯ ಬಸ್ಸಿನಲ್ಲಿ ವಾಪಸು ಬರುವಷ್ಟರಲ್ಲಿ ಕೆರೆಗೆ ಒಂದು ದೇವರು ಬೇಕು ಎಂದು ತೀರ್ಮಾನ ಮಾಡಿಬಿಟ್ಟಿದ್ದ.

ಟೈಲ್ಸಿಗೆ ದುಡ್ಡೆಲ್ಲಿ? ಮನೆಯಲ್ಲಿ ಕಣ್ಣಾಡಿಸಿದ. ಹೆಂಡತಿ ಭೈರಮ್ಮ ಮಗಳ ಬಾಣಂತನಕ್ಕೆ ಹುಳಿಯಾರಿನ ಕಡೆಗೆ ಹೋಗಿ ಕೂತಿದ್ದಳು, ಬರುವುದು ತಡವಿತ್ತು. ಒರಳಿನ ಮೇಲೆ ರುಬ್ಬುಗುಂಡು ಕೆಲಸವಿಲ್ಲದೆ ಮಲಗಿತ್ತು. ಕರೀ ಕಲ್ಲು, ಮೊಟ್ಟೆಯ ಆಕಾರ, ರುಬ್ಬಿ ರುಬ್ಬಿ ಬಂದ ಮಿರುಗು. ನೆಟ್ಟಗೆ ನಿಲ್ಲಿಸಿದರೆ ಯಾವ ದೇವರಿಗೂ ಕಡಿಮೆ ಇಲ್ಲ ಎನ್ನಿಸಿತು. ಕೋಳಿ ಕೂಗುವ ಮುಂಚೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ತೂಬಿನ ಕಲ್ಲಿನ ಮೇಲೆ ಕೂರಿಸಿ, ಅರಿಶಿನ ಬಳಿದು, ಕುಂಕುಮ ಇಟ್ಟು, ಬೇವಿನ ಸೊಪ್ಪು ಸಿಕ್ಕಿಸಿ ಬಂದ. ಕೈ ಮುಗಿಯಬೇಕೋ ಬೇಡವೋ ಎಂದು ಅರೆಗಳಿಗೆ ಯೋಚಿಸಿ, ಯಾವುದಕ್ಕೂ ಇರಲಿ ಎಂದು ಮುಗಿದ.

ಉಪಾಯ ಫಲಿಸಿತು ಎಂದರೆ ನಂಬಬೇಕು. ಚೊಂಬು ಹಿಡಿದು ಏರಿಗೆ ಬರುತ್ತಿದ್ದವರು ಬೇರೆ ದಾರಿ ಹಿಡಿದರು. ಸಾರಾಯಿ ಕುಡಿಯುವವರು ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡು ಹೋದರು. ತೂಬಿನ ಮುಂದೆ ನೀರು ತಿಳಿಯಾಯಿತು. ದುರ್ಗಯ್ಯ ಗದ್ದೆಗೆ ನೀರು ಬಿಟ್ಟುಕೊಂಡು ನಾಟಿ ಮಾಡಿದ. ಒಬ್ಬನೇ ಇದ್ದಾಗ ಕಲ್ಲಿನ ಮುಂದೆ ಕೂತು, "ಭೇಷ್ ಕಣವ್ವಾ" ಎಂದು ಬೀಡಿ ಹಚ್ಚುತ್ತಿದ್ದ.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಊರಿನ ಹಾಲಮ್ಮನ ಎಮ್ಮೆ ತಪ್ಪಿಸಿಕೊಂಡಿತು. ಹುಡುಕಿಕೊಂಡು ಏರಿಯ ಮೇಲೆ ಬಂದ ಹಾಲಮ್ಮ ತೂಬಿನ ಮೇಲಿನ ಕಲ್ಲಿಗೆ ಹರಕೆ ಹೊತ್ತುಕೊಂಡಳು. ಎಮ್ಮೆ ಹಸಿವಾದ ಮೇಲೆ ತಾನೇ ಕೊಟ್ಟಿಗೆಗೆ ಬಂತು, ಎಮ್ಮೆಗಳು ಸಾಮಾನ್ಯವಾಗಿ ಬರುವ ಹಾಗೆ. ಹಾಲಮ್ಮ ಕಾಯಿ ಒಡೆದಳು. ಅಮಾವಾಸ್ಯೆ ಕಳೆಯುವುದರಲ್ಲಿ ಕಲ್ಲಿಗೆ ತೂಬಿನಮ್ಮ ಎಂಬ ಹೆಸರು ಬಿತ್ತು, ಮಂಗಳವಾರ ವಾರದ ಪೂಜೆ ಎಂದಾಯಿತು.

ಈ ಸೀಮೆಯ ಜನಕ್ಕೆ ಒಂದು ಕಷ್ಟವಿದೆ. ದೇವರ ಚಿತ್ರ ಇರುವ ಯಾವುದನ್ನೂ ತಿಪ್ಪೆಗೆ ಹಾಕುವ ಹಾಗಿಲ್ಲ, ಪಾಪ ಬರುತ್ತದೆ. ನೀರಿಗೆ ಬಿಡಬೇಕು, ಅದೂ ದೇವರ ಸನ್ನಿಧಿಯ ನೀರಾದರೆ ಒಳ್ಳೆಯದು. ಹಳೇ ಕ್ಯಾಲೆಂಡರು, ಗಾಜೊಡೆದ ಫೋಟೋ, ಮದುವೆಯ ಬಾಸಿಂಗ, ಲಕ್ಷ್ಮಿ ಚಿತ್ರದ ಪಟಾಕಿ ಡಬ್ಬ, ಊದುಬತ್ತಿ ಪೊಟ್ಟಣ ಇವೆಲ್ಲ ಮನೆ ಮನೆಯ ಅಟ್ಟದಲ್ಲಿ ಕೊಬ್ಬರಿಯ ಜೊತೆ ವರ್ಷಗಟ್ಟಲೆ ಕೂತಿದ್ದವು. ಲಗ್ನಪತ್ರಿಕೆಗಳ ಗತಿ ಇನ್ನೂ ಕಷ್ಟ. ಪ್ರತಿಯೊಂದರ ನೆತ್ತಿಯ ಮೇಲೂ ಗಣಪತಿ. ಈಗ ಸನ್ನಿಧಿ ಊರ ಮುಂದೆಯೇ ಬಂದಿತ್ತಲ್ಲ, ಎಲ್ಲರ ಅಟ್ಟವೂ ಖಾಲಿಯಾಯಿತು. ಬಿಳಿಗೆರೆ ಕಡೆಯಿಂದಲೂ ಚೀಲ ಕಟ್ಟಿಕೊಂಡು ಬಂದರು. ಮೊದಲು ಕಸ ಎಸೆಯುವಾಗ ಜನಕ್ಕೆ ಅಷ್ಟೋ ಇಷ್ಟೋ ಅಳುಕಿತ್ತು. ಈಗ ಕಸ ಎಸೆದು ಕೈ ಮುಗಿದು ಪುಣ್ಯ ಕಟ್ಟಿಕೊಂಡು ಹೋಗುತ್ತಿದ್ದರು. ತೂಬಿನ ಬಾಯಿ ಹಿಂದೆಂದೂ ಕಟ್ಟದ ಹಾಗೆ ಕಟ್ಟಿಕೊಂಡಿತು.

ಬಸವರಾಜಪ್ಪ ಸುಮ್ಮನಿರುವ ಆಸಾಮಿಯಲ್ಲ. ಕೆರೆ ಉಳಿಸಿ ಸಮಿತಿಯನ್ನು ತೂಬಿನಮ್ಮ ಸೇವಾ ಸಮಿತಿ ಎಂದು ಬದಲಾಯಿಸಿದ. ಸಿಮೆಂಟಿನ ಕಟ್ಟೆ, ಮೇಲೆ ಜಿಂಕ್ ಶೀಟು. ಪೂಜೆಗೆ ತನ್ನ ಸಂಬಂಧಿ ವೀರಭದ್ರಯ್ಯನನ್ನು ಕರೆಸಿದ. ವೀರಭದ್ರಯ್ಯ ಬಂದವನೇ ಗುಂಡಿನ ನೆತ್ತಿಯಲ್ಲಿ, ಮರದ ಹಿಡಿ ಕೂರಿಸಲು ಕೊರೆದಿದ್ದ ಕುಳಿಯನ್ನು ನೋಡಿ, "ಇದು ಅಮ್ಮನ ಜ್ಞಾನನೇತ್ರ" ಎಂದು ಅದರೊಳಗೆ ಕುಂಕುಮ ತುಂಬಿದ. ದುರ್ಗಯ್ಯನಿಗೂ ಒಂದು ಸೇವೆ ಸಿಕ್ಕಿತು. ಕಟ್ಟೆಯಿಂದ ಮಾರು ದೂರ ನಿಂತು ಕಸ ಗುಡಿಸುವುದು.

"ಯಜಮಾನ್ರೆ, ತೂಬು ಬಿಡಿಸ್ಬೇಕು. ಪೈರು ಒಣಗ್ತೈತೆ" ಎಂದ ದುರ್ಗಯ್ಯ.

"ಅಮ್ಮ ಕೂತವ್ಳಲ್ಲ ಅದ್ರ ಮ್ಯಾಲೆ. ಅಪ್ಪಣೆ ಕೇಳ್ದೆ ಹೆಂಗ್ ಮುಟ್ತೀಯ?" ಎಂದ ಬಸವರಾಜಪ್ಪ.

ಅಪ್ಪಣೆ ಅಂದರೆ ಹೂವಿನದು. ಗುಂಡಿನ ಮೇಲೆ ಕಣಗಿಲೆ ಹೂ ಏರಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ದುರ್ಗಯ್ಯ ಪ್ರತಿ ಮಂಗಳವಾರವೂ ದೂರದಿಂದ ಕೇಳಿದ, ಹೂ ಪ್ರತಿ ಮಂಗಳವಾರವೂ ಎಡಕ್ಕೆ ಬಿತ್ತು. ರುಬ್ಬುಗುಂಡು ಎಡಕ್ಕೆ ಒಂದಿಷ್ಟು ಸವೆದಿತ್ತು, ಭೈರಮ್ಮನದು ಎಡಗೈ. ಅದು ದುರ್ಗಯ್ಯನಿಗೆ ಗೊತ್ತಿತ್ತು. ಹೇಳುವ ಹಾಗೆ ಮಾತ್ರ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ, ಇಲ್ಲಿ ದೇವರನ್ನೇ ಕೊಟ್ಟವನಿಗೆ ಯಾರೂ ಏನೂ ಕೊಡಲಿಲ್ಲ. ಅವನ ಗದ್ದೆಯ ನೆಲ ಬಾಯಿ ಬಿಡತೊಡಗಿತು.

ಅಷ್ಟು ಹೊತ್ತಿಗೆ ಭೈರಮ್ಮ ಬಾಣಂತನ ಮುಗಿಸಿ ಬಂದಳು. ಚೀಲ ಇಳಿಸುವ ಮುಂಚೆಯೇ ಕೇಳಿದಳು.

"ಗುಂಡೆಲ್ಲಯ್ಯಾ?"

"ಸೀಳು ಬಿಟ್ಟಿತ್ತು ಕಣೇ. ಬಿಸಾಕ್ದೆ."

"ನಮ್ಮತ್ತೆ ಕಾಲದ್ ಗುಂಡು ಸೀಳ್ ಬಿಟ್ತಾ? ನಿನ್ ತಲೆ ಬಿಟ್ಟದೆ" ಎಂದು ಗೊಣಗಿದಳು. ಗದ್ದೆಯ ಸ್ಥಿತಿ ನೋಡಿದ ಮೇಲೆ ಗುಂಡಿನ ಚಿಂತೆ ಹಿಂದಕ್ಕೆ ಸರಿಯಿತು. ಪೈರು ಅರಿಶಿನ ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ವಾರ ನೀರಿಲ್ಲದಿದ್ದರೆ ವರ್ಷದ ಅನ್ನ ಹೋದಂತೆ. "ಅದ್ಯಾವ್ ತೂಬಿನಮ್ಮನೋ, ನಾನೇ ಕೇಳ್ತೀನಿ ನಡಿ. ಹೆಂಗಸ್ ಕಷ್ಟ ಹೆಂಗಸ್ಗೆ ಗೊತ್ತಾಯ್ತದೆ" ಎಂದು ಮಂಗಳವಾರ ತಲೆಗೆ ನೀರು ಹಾಕಿಕೊಂಡು, ಹೂ ಹಣ್ಣು ಹಿಡಿದು ಹೊರಟಳು. ದುರ್ಗಯ್ಯ ಬೇಡ ಬೇಡ ಎನ್ನುತ್ತಲೇ ಹಿಂದೆ ಹೋದ.

ಅಭಿಷೇಕ ನಡೆಯುತ್ತಿತ್ತು. ಬಸವರಾಜಪ್ಪ, ಹಾಲಮ್ಮ, ಊರಿನ ಅರ್ಧ ಜನ ಕಟ್ಟೆಯ ಸುತ್ತ ನಿಂತಿದ್ದರು. ವೀರಭದ್ರಯ್ಯ ಬಿಂದಿಗೆ ಬಿಂದಿಗೆ ನೀರು ಹುಯ್ದ. ಅರಿಶಿನ ಕುಂಕುಮವೆಲ್ಲ ಕರಗಿ ಕೆರೆಗೆ ಹರಿದು, ಕರೀ ಕಲ್ಲು ಬೆತ್ತಲೆ ನಿಂತಿತು. ಭೈರಮ್ಮ ನೋಡಿದಳು. ನೆತ್ತಿಯ ಕುಳಿ ನೋಡಿದಳು, ಎಡಕ್ಕೆ ಸವೆದ ಹೊಟ್ಟೆ ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ದುರ್ಗಯ್ಯ ಕಣ್ಣಲ್ಲೇ ಕೈ ಮುಗಿದ. ಅವಳು ಬಾಯಿ ಬಿಗಿಹಿಡಿದಳು. ನಗು ಬಂದಿತ್ತು, ನುಂಗಿಕೊಂಡಳು. ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

ಹೂ ಏರಿಸಿದರು. ಎಡಕ್ಕೆ ಬಿತ್ತು.

"ಸ್ವಾಮಿ, ಪೈರು ಸಾಯ್ತೈತೆ. ಇನ್ನೊಂದ್ಸಲ ಕೇಳಿ" ಎಂದು ಭೈರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಏಯ್! ದೂರ ನಿಂತ್ಕಳಮ್ಮ. ಕಟ್ಟೆ ಮೈಲಿಗೆ ಆಯ್ತದೆ" ಎಂದ ವೀರಭದ್ರಯ್ಯ, ಕೈಯಲ್ಲಿದ್ದ ತೀರ್ಥದ ಚೊಂಬನ್ನು ಎದೆಗೆ ಅವುಚಿಕೊಂಡು.

ಭೈರಮ್ಮನ ಹೊಟ್ಟೆಯಲ್ಲಿದ್ದ ನಗು ಸುಟ್ಟು ಬೂದಿಯಾಯಿತು. ಸೆರಗು ಸಿಕ್ಕಿಸಿಕೊಂಡು ನಿಂತಳು.

"ಯಾವ್ದಯ್ಯಾ ಮೈಲಿಗೆ? ಅದು ನನ್ ರುಬ್ಬುಗುಂಡು ಕಣಯ್ಯಾ! ನಮ್ಮತ್ತೆ ಕಾಲದಿಂದ ಅದ್ರಲ್ಲಿ ಬಾಡಿನ್ ಖಾರ ರುಬ್ಬೀವ್ನಿ. ಇದೇ ಕೆರೆ ಏಡಿ ಹಿಡ್ದು ಅದ್ರಲ್ಲೇ ಜಜ್ಜೀವ್ನಿ. ನೀವೆಲ್ಲ ವಾರ ವಾರ ಅದ್ನೇ ತೊಳ್ದು ಕುಡೀತಾ ಇದ್ದೀರಲ್ಲ, ಖಾರ ಸರಿಗಿತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಹಾಲಮ್ಮನ ಕೈ ತುಟಿಗೆ ಹೋಯಿತು. ಯಾರೋ ಹಿಂದೆ ನಿಂತು ಕ್ಯಾಕರಿಸಿದರು. ವೀರಭದ್ರಯ್ಯ ಚೊಂಬು ಕೆಳಗಿಟ್ಟು ಕೈ ಒರೆಸಿಕೊಂಡ.

"ಸುಳ್ಳು! ಬಾಯಿ ಹರ್ದೋಳು, ಸುಳ್ಳ್ ಹೇಳ್ತಾವ್ಳೆ" ಎಂದು ಬಸವರಾಜಪ್ಪ ಕೂಗಿದ.

"ನಮ್ಮನೇಗ್ ಬನ್ನಿ ಯಜಮಾನ್ರೆ. ಒರಳಿಗ್ ಇಟ್ ನೋಡಿ, ಹೆಂಗ್ ಕೂತ್ಕತ್ತದೆ ಅಂತ."

ಯಾರೂ ಹೋಗಲಿಲ್ಲ. ಹೋದರೆ ಊರಾಚೆಯ ದುರ್ಗಯ್ಯನ ಕೇರಿಗೆ ಕಾಲಿಡಬೇಕು, ಇಟ್ಟು ನೋಡಿದರೆ ಕುಡಿದದ್ದನ್ನು ಒಪ್ಪಿಕೊಳ್ಳಬೇಕು. ಉಗುಳುವುದಕ್ಕೂ ಆಗದ, ನುಂಗುವುದಕ್ಕೂ ಆಗದ ಬಿಸಿತುಪ್ಪವಾಗಿತ್ತು ಅದು. ಆದ್ದರಿಂದ ಊರವರೆಲ್ಲ ಸೇರಿ ಭೈರಮ್ಮ ಹೇಳಿದ್ದು ಶುದ್ಧ ಸುಳ್ಳು ಎಂದು ತೀರ್ಮಾನಿಸಿದರು. ಯಾವುದಕ್ಕೂ ಇರಲಿ, ಕೆರೆಯನ್ನು ಶುದ್ಧಿ ಮಾಡಿಬಿಡೋಣ ಎಂದೂ ತೀರ್ಮಾನಿಸಿದರು. ಅಭಿಷೇಕದ ನೀರು ಕೆರೆಗೆ ಹರಿದಿತ್ತು. ಆ ನೀರು ಸೋಕಿದ ಒಂದು ಚೂರು ಕಾಗದವೂ ಒಳಗೆ ಉಳಿಯಬಾರದು ಎಂದ ವೀರಭದ್ರಯ್ಯ. ತಾನು ತೀರ್ಥ ಕೊಟ್ಟವನೇ ಹೊರತು ಕುಡಿದವನಲ್ಲ ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದ.

ಮರುದಿನ ನೋಡಬೇಕಿತ್ತು ಆ ಊರಿನ ಉತ್ಸಾಹ! ಮೈಕಿಲ್ಲ, ಶಾಮಿಯಾನ ಇಲ್ಲ, ಜಾಗೃತಿ ಇಲ್ಲ. ಮನೆಗೊಬ್ಬರಂತೆ ಗುದ್ದಲಿ, ಪುಟ್ಟಿ, ಕುಂಟೆ ಹಿಡಿದು ಬಂದರು. ಕಾಲೇಜು ಓದಿದ ಹುಡುಗರು ಬಂದರು, ತೋಟದಲ್ಲಿ ಕೂಲಿಗೆ ಕರೆದರೂ ಬಾರದವರು ಬಂದರು. ಸಾರಾಯಿ ಪ್ಯಾಕೆಟ್ಟು, ಕವರು, ಮಟ್ಟೆ, ಕೊಳೆತ ನಾಯಿಯ ಮೂಳೆ, ನೆತ್ತಿಯಲ್ಲಿ ಗಣಪತಿ ಇದ್ದ ಲಗ್ನಪತ್ರಿಕೆ, ಎಲ್ಲವನ್ನೂ ಬಾಚಿ ಬಾಚಿ ಬಸವರಾಜಪ್ಪನ ಟ್ರ್ಯಾಕ್ಟರಿಗೆ ತುಂಬಿ ಗೋಮಾಳದಲ್ಲಿ ಸುಟ್ಟರು. ಇಷ್ಟು ವರ್ಷ ಇವೆಲ್ಲದರ ಜೊತೆ ಸುಖವಾಗಿ ಬದುಕಿದ್ದ ಊರು, ಒಬ್ಬ ಹೆಂಗಸಿನ ಖಾರದ ಕಲ್ಲು ಸೋಕಿತು ಎಂದು ಒಂದೇ ದಿನದಲ್ಲಿ ಕೆರೆಯನ್ನು ಕನ್ನಡಿ ಮಾಡಿತು. ಕಟ್ಟೆ ಒಡೆದರು. ಗುಂಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. "ನಿನ್ ಕಲ್ಲು ನೀನೇ ಎತ್ಕಂಡೋಗ್ಲಾ" ಎಂದರು ದುರ್ಗಯ್ಯನಿಗೆ. ಅಷ್ಟು ಮಟ್ಟಿಗೆ ಸತ್ಯ ಒಪ್ಪಿದರು. ಕೊನೆಗೆ ಕೆರೆಯ ನಾಲ್ಕು ಮೂಲೆಗೂ ಗಂಜಲ ಚಿಮುಕಿಸಿದರು.

ದುರ್ಗಯ್ಯ ಏರಿಯ ಮೇಲೆ ನಿಂತು ನೋಡಿದ. ತೂಬಿನ ಬಾಯಿ ತೆರೆದುಕೊಂಡು ನೀರು ದಬದಬ ಅವನ ಗದ್ದೆಗೆ ಇಳಿಯುತ್ತಿತ್ತು. ಬೇಡಿದ್ದು ಸಿಕ್ಕಿತ್ತು. ಸಂತೋಷವಾಯಿತು, ಆ ಸಂತೋಷದ ಮೇಲೆ ಅವನಿಗೇ ಸಿಟ್ಟೂ ಬಂತು. ವರ್ಷಗಟ್ಟಲೆ ಅದೇ ನೀರಿನಲ್ಲಿ ಮುಳುಗಿ ಅವರ ಹೊಲಸು ಬಾಚಿದ್ದ, ಆಗ ಕೆರೆಗೆ ಏನೂ ಆಗಿರಲಿಲ್ಲ. ಅವನ ಹೆಂಡತಿ ಮೆಣಸಿನಕಾಯಿ ಅರೆದ ಕಲ್ಲು ಸತ್ತ ನಾಯಿಗಿಂತ ಕಡೆಯಾಯಿತೇ? ಮನೆಗೆ ಬಂದು ಊಟ ಮಾಡದೆ ಮಲಗಿದ. ಆ ವರ್ಷ ಭತ್ತ ಚೆನ್ನಾಗಿ ಬಂತು. ಬಸವರಾಜಪ್ಪನಿಗೆ ಮಾದರಿ ಕೆರೆ ಮಾಡಿದವನೆಂದು ಯಾವುದೋ ಸಮಾರಂಭದಲ್ಲಿ ಶಾಲು ಹೊದಿಸಿದರಂತೆ.

ಮುಂದಿನ ಮಳೆಗಾಲದ ಹೊತ್ತಿಗೆ ಮೈಲಿಗೆಯ ಭಯ ಹಳತಾಯಿತು. ಕವರು, ಪ್ಯಾಕೆಟ್ಟು ಮತ್ತೆ ತೇಲಿದವು. ತೂಬು ಕಟ್ಟಿತು. ದುರ್ಗಯ್ಯ ಬಸವರಾಜಪ್ಪನನ್ನು ಕೇಳಿದ್ದಕ್ಕೆ, "ಸಮಿತಿ ಕರೀತೀನಿ ಬುಡ್ಲಾ" ಎಂಬ ಉತ್ತರ ಬಂತು. ಅದನ್ನೇ ಮನೆಯಲ್ಲಿ ಹೇಳಿದ.

ಭೈರಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. "ಸಮಿತಿ ಯಾಕಯ್ಯಾ? ನಡಿ" ಎಂದು ಹೊರಟೇಬಿಟ್ಟಳು.

ಕೆರೆಗೆ ಊರ ಕಡೆಯಿಂದ ಮೆಟ್ಟಿಲಿದ್ದವು. ಕೇರಿಯವರು ಅಲ್ಲಿ ಇಳಿಯುವ ಪದ್ಧತಿ ಇರಲಿಲ್ಲ. ಇಳಿಯಬಾರದು ಎಂದು ಯಾವ ಬೋರ್ಡೂ ಇರಲಿಲ್ಲ, ಬೋರ್ಡಿಲ್ಲದ ಕಾನೂನೇ ಗಟ್ಟಿ. ಭೈರಮ್ಮ ಹಾಡುಹಗಲಲ್ಲಿ, ಬಸ್ಸಿಗೆ ಕಾದು ನಿಂತವರೆಲ್ಲ ನೋಡುತ್ತಿದ್ದ ಹಾಗೆ, ಆ ಮೆಟ್ಟಿಲಿಳಿದು, ಸೀರೆ ಮೊಣಕಾಲಿಗೆ ಎತ್ತಿಕೊಂಡು, ಎರಡೂ ಕಾಲು ನೀರಿಗೆ ಇಳಿಬಿಟ್ಟು ಕೂತಳು.

ಜನ ಕೂಡಿತು. ಬಸವರಾಜಪ್ಪ ಮೆಟ್ಟು ಹಾಕಿಕೊಳ್ಳದೆ ಓಡಿ ಬಂದ.

"ಲೇ ದುರ್ಗ! ನಿನ್ನೆಂಡ್ತೀನ ಎಬ್ಬುಸ್ಲಾ! ನೀರು ಕೆಡ್ತದೆ ಕಣ್ಲಾ!"

ದುರ್ಗಯ್ಯ ನೀರು ನೋಡಿದ. ಹೆಂಡತಿಯ ಮೀನಖಂಡಕ್ಕೆ ಒಂದು ಸಾರಾಯಿ ಪ್ಯಾಕೆಟ್ಟು ಅಂಟಿಕೊಂಡಿತ್ತು, ಅದರ ಪಕ್ಕದಲ್ಲಿ ಹೊಟ್ಟೆ ಊದಿದ ಕೋಳಿ ತೇಲುತ್ತಿತ್ತು. ಹೆದರಿಕೆ ಆಗಿತ್ತು. ಆದರೂ ಮೆಟ್ಟಿಲಿಳಿದು ಹೋಗಿ ಭೈರಮ್ಮನ ಪಕ್ಕ ಕೂತು ತನ್ನ ಎರಡೂ ಕಾಲನ್ನು ನೀರಿಗೆ ಬಿಟ್ಟ.

"ಕೆಟ್ಟೋಯ್ತು ಯಜಮಾನ್ರೆ" ಎಂದ. "ಗುದ್ದಲಿ ಪುಟ್ಟಿ ತರ್ಸಿ."